ಪಕ್ಕದ ಶೆಡ್ಡಿನವರು ಮಾಡಿಕೊಟ್ಟ ಸ್ಟ್ಯಾಂಡು

ನಿನ್ನೆ ಎದುರು ಮನೆಯ ಗೇಟಿಗೆ ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್ ಬಳಿಯುತ್ತಿದ್ದರು. ವಾಸನೆ ನಮ್ಮ ಶೆಡ್ಡಿನೊಳಗೂ ಬಂತು. ಮೆಷಿನು ನಿಲ್ಲಿಸಿ ಬಾಗಿಲಿಗೆ ಬಂದೆ... ಪಕ್ಕದ ಶೆಡ್ಡಿನ ವೆಲ್ಡಿಂಗ್ ಅಣ್ಣನ ಅಂಗಿಗೆ ಯಾವಾಗಲೂ ಇದೇ ವಾಸನೆ.

ಹಾಲಾಡಿಯಲ್ಲಿ ನಮ್ಮ ಮರಗೆಲಸದ ಶೆಡ್ಡಿಗೆ ತಾಗಿಕೊಂಡೇ ಅವರ ವೆಲ್ಡಿಂಗ್ ಶೆಡ್ಡು ಇತ್ತು. ನನ್ನ ಗಂಡ ಎದೆನೋವು ಬಂದು ತೀರಿಕೊಂಡ ಮೇಲೆ, ಮೆಷಿನುಗಳನ್ನು ಮಾರಿಬಿಡುವ ಎಂದ ಮೈದುನ. ನಾನು ಬೇಡವೆಂದೆ. ಗಂಡನ ಜೊತೆ ಹಲಗೆ ಹಿಡಿದೂ ಹಿಡಿದೂ ಕೆಲಸ ಕಲಿತಿದ್ದೆ. ಆದರೆ ಮರ ಕೊಯ್ಯುವ ಮೆಷಿನಿನ ಮೇಜು ಆರಡಿ ಎತ್ತರದ ಗಂಡನಿಗೆಂದು ಮಾಡಿದ್ದು. ನಾನು ಅವರ ಭುಜಕ್ಕೂ ಬರುವವಳಲ್ಲ. ನೆಲಕ್ಕೆ ಮಣೆ ಹಾಕಿ, ಅದರ ಮೇಲೆ ನಿಂತು ಕೊಯ್ಯುತ್ತಿದ್ದೆ.

ಒಂದು ದಿನ ಮಣೆ ಜಾರಿತು. ಬ್ಲೇಡು ರವಿಕೆಯ ತೋಳನ್ನು ಹರಿಯಿತು, ಕೈ ಉಳಿಯಿತು. ಓಡಿ ಬಂದ ಅಣ್ಣ ಮೊದಲು ಮೇನ್ ಸ್ವಿಚ್ ಆರಿಸಿದರು. ನನಗೆ ಹೆದರಿಕೆಯೂ ಆಗಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ...

“ಹ್ವಾಯ್, ನೆಟ್ಗೆ ನಿಲ್ಲಿ ಕಾಂಬ,” ಎಂದು ಟೇಪು ತಂದು ನೆಲದಿಂದ ನನ್ನ ಮೊಣಕೈವರೆಗೆ ಅಳೆದರು. “ಮೆಷಿನ್ ನಿಮ್ಮ್ ಎತ್ರಕ್ಕೆ ಬರ್ಕ್. ನೀವ್ ಅದ್ರ್ ಎತ್ರಕ್ಕೆ ಹೋಪ್ದಲ್ಲ.”

ಪೈಪಿನೊಳಗೆ ಪೈಪು ಇಳಿಸಿ, ಸಾಲಾಗಿ ತೂತು ಕೊರೆದು, ಬೋಲ್ಟು ಹಾಕಿ ಏರಿಸಿ ಇಳಿಸುವಂಥ ಸ್ಟ್ಯಾಂಡು ಮಾಡಿದರು. ಮೆಷಿನು ಕೂರಿಸಿ, ಅದುರುತ್ತದೋ ಎಂದು ನೋಡಲು ಸ್ಟ್ಯಾಂಡಿನ ಮೇಲೆಯೇ ನೀರು ತುಂಬಿದ ಲೋಟ ಇಟ್ಟು ಸ್ವಿಚ್ ಹಾಕಿದರು. ನೀರು ಚೆಲ್ಲಿತು. “ಇದ್ ಆತಿಲ್ಲೆ,” ಎಂದವರೇ ಎಲ್ಲ ಕತ್ತರಿಸಿ ಹಾಕಿದರು. ಎರಡನೆಯ ಸಲ ಕಾಲುಗಳನ್ನು ಹೊರಕ್ಕೆ ಓರೆಯಾಗಿಸಿ, ಕೆಳಗೆ ಅಡ್ಡಪಟ್ಟಿ ಕೊಟ್ಟರು. ನಮ್ಮ ನೆಲ ಏರುತಗ್ಗು. ಅದಕ್ಕೆ ಪ್ರತಿ ಕಾಲಿನಡಿಗೂ ತಿರುಗಿಸುವ ಬೋಲ್ಟು. ಈ ಸಲ ನೀರು ನಡುಗಿತು, ಚೆಲ್ಲಲಿಲ್ಲ. ಅಣ್ಣ ಆ ನೀರನ್ನೇ ಕುಡಿದರು.

ತೂತುಗಳು ಮೇಲಿನವರೆಗೂ ಇದ್ದವು. “ಇಷ್ಟ್ ಎತ್ರ ನಂಗೆಂತಕ್ಕೆ?” ಎಂದು ಕೇಳಿದೆ.

“ನಾಳೆ ಯಾರಾರೂ ಕೆಲ್ಸಕ್ಕ್ ಬಂದ್ರೆ? ಎಷ್ಟ್ ದಿನ ಅಂದೇಳಿ ನೀವೊಬ್ರೇ ಮಾಡುದ್?”

ನಾಳೆ ಎಂಬುದೊಂದು ಇದೆ ಎಂದು ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ.

ಆಮೇಲೆ ಅವರ ಕಣ್ಣು ಮಂಜಾಗುತ್ತಾ ಬಂತು. ಬೆಸುಗೆ ಎಲ್ಲಿ ಕೂತಿದೆ ಎಂದು ಬೆರಳಿನಲ್ಲಿ ಮುಟ್ಟಿ ನೋಡುತ್ತಿದ್ದರು. ಕೊನೆಗೆ ಶೆಡ್ಡು ಮುಚ್ಚಿ ಬಿಜೂರಿನ ಮಗಳ ಮನೆಗೆ ಹೋದರು. ಎರಡು ವರ್ಷದ ಹಿಂದೆ ಆ ಮಗಳೇ ಫೋನು ಮಾಡಿ ಸುದ್ದಿ ಹೇಳಿದಳು. “ಹೌದಾ,” ಎಂದೆ. ಫೋನಿಟ್ಟು, ಅರ್ಧ ಕೊಯ್ದ ಹಲಗೆಯನ್ನು ಪೂರ್ತಿ ಕೊಯ್ದೆ. ಉತ್ತರಕ್ರಿಯೆಯ ಬೊಜ್ಜಕ್ಕೆ ಹೋಗಿ ಉಂಡು ಬಂದೆ. ಅಳು ಬರಲಿಲ್ಲ.

ಇವತ್ತು ಬೆಳಿಗ್ಗೆ ಸಾಲಿಗ್ರಾಮದಿಂದ ಕಿಟಕಿ ಮಾಡಿಸಲು ಬಂದವರೊಬ್ಬರು ಸ್ಟ್ಯಾಂಡನ್ನು ಅಲ್ಲಾಡಿಸಿ ನೋಡಿದರು. “ಗಟ್ಟಿ ಇತ್ತಲೆ! ಯಾರ್ ಮಾಡಿದ್ದ್?”

“ಪಕ್ಕದೋರ್,” ಎಂದೆ.

ಅವರು ಹೊರಗೆ ಇಣುಕಿದರು. ಅಲ್ಲೀಗ ಬೇಕರಿ.

“ಬೇಕ್ರಿಯೋರಾ?”

“ಅಲ್ಲ,” ಎಂದೆ. “ಅವ್ರ್ ತೀರ್ಕಂಡ್ರ್.”

ಎರಡು ವರ್ಷದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.