ಕದಿರಮ್ಮತ್ತೆಯ ಅನಾನಸು, ಹರಿಯಣ್ಣನ ಹುಳ

ಅನಾನಸಿನ ಜುಟ್ಟನ್ನು ಕತ್ತರಿಸಬಾರದು, ತಿರುಚಬೇಕು. ಎಡಗೈಯಲ್ಲಿ ಹಣ್ಣನ್ನು ಅಮುಕಿ ಹಿಡಿದು ಬಲಗೈಯಲ್ಲಿ ಜುಟ್ಟನ್ನು ಒಂದೇ ಸಲ ತಿರುವಿದರೆ ಕಟಕ್ ಎಂದು ಕಿತ್ತು ಬರುತ್ತದೆ. ನಮ್ಮ ಎದುರುಮನೆ ಕದಿರಮ್ಮತ್ತೆ ತಿರುವುವುದನ್ನು ನೋಡಿದರೆ ಸಾಕು, ನಮ್ಮ ಕೈ ತಾನಾಗಿ ನಮ್ಮ ಕುತ್ತಿಗೆಗೆ ಹೋಗುತ್ತದೆ!

ಜಂಗಮಕೋಟೆ ಹತ್ತಿರದ ನಮ್ಮೂರಿನಲ್ಲಿ ಅತ್ತೆಗೆ ಹೆದರದವರಿಲ್ಲ. ಇಪ್ಪತ್ತು ವರ್ಷ ಶಿಡ್ಲಘಟ್ಟದ ಫಿಲೇಚರ್‌ನಲ್ಲಿ ಕುದಿಯುವ ನೀರಿಗೆ ಕೈ ಹಾಕಿ ಗೂಡಿನಿಂದ ರೇಷ್ಮೆ ಎಳೆ ತೆಗೆದವರು. ಬೆರಳ ತುದಿಗಳಿಗೆ ಈಗ ಬಿಸಿಯೂ ಗೊತ್ತಾಗುವುದಿಲ್ಲ, ಮುಳ್ಳೂ ಗೊತ್ತಾಗುವುದಿಲ್ಲ. ಅಲ್ಲಿನ ಮೇಸ್ತ್ರಿಯೊಬ್ಬ ಕೆಲಸದ ಹೆಂಗಸೊಬ್ಬಳ ಜಡೆ ಹಿಡಿದು ಎಳೆದಾಗ ಅತ್ತೆ ಆ ಕುದಿಯುವ ನೀರನ್ನೇ ಮೊಗೆದು ಅವನ ಕಾಲ ಮೇಲೆ ಸುರಿದರಂತೆ. ಕೆಲಸ ಹೋಯಿತು. ಮನೆಗೆ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಹಣ್ಣು ಹೆಚ್ಚಿ ಮಾರುವವನು ಬಿಸಾಡಿದ್ದ ಅನಾನಸಿನ ಜುಟ್ಟುಗಳನ್ನು ಸೆರಗಿಗೆ ಹಾಕಿಕೊಂಡು ಬಂದರು.

ಒಟ್ಟು ಹನ್ನೊಂದು ಜುಟ್ಟು. ಕೆಳಗಿನ ಎಲೆ ಸುಲಿದು, ನಾಲ್ಕು ದಿನ ಒಣಗಿಸಿ, ಸಿಮೆಂಟ್ ಚೀಲಗಳಲ್ಲಿ ಮಣ್ಣು, ಮರಳು, ಕುರಿಗೊಬ್ಬರ ತುಂಬಿ ನೆಟ್ಟರು. ಹಿತ್ತಲ ಗೋಡೆಯುದ್ದಕ್ಕೂ ಸಾಲಾಗಿ ಚೀಲಗಳು. ಗೋಡೆಯ ಆಚೆಗೆ ಅವರ ಮೈದುನನ ಮಗ ಹರಿಕೃಷ್ಣನ ಹಳೇ ಹುಳದ ಮನೆ, ಅಂದರೆ ರೇಷ್ಮೆಹುಳ ಸಾಕುವ ಮನೆ. ಬಾಗಿಲು ಆಚೆ ಬೀದಿಗೆ, ಕಿಟಕಿ ಮಾತ್ರ ಈ ಕಡೆಗೆ.

ಎರಡು ವರ್ಷವಾಯಿತು. ಗಿಡಗಳು ಸೊಂಟದೆತ್ತರ ಬೆಳೆದು ಎಲೆಗಳು ಗರಗಸದ ಹಾಗೆ ನಿಂತವು, ಹೂ ಮಾತ್ರ ಇಲ್ಲ. ಹರಿಯಣ್ಣ ಗೋಡೆ ಮೇಲಿಂದ ದಿನಾ ಇಣುಕುತ್ತಿದ್ದ.

"ದೊಡ್ಡಮ್ಮೋ, ಕತ್ತಾಳೆ ಚೆನ್ನಾಗಿ ಬಂದೈತೆ. ಹಗ್ಗ ಹೊಸೀತೀಯೇನು?"

"ಹೊಸೀತೀನಪ್ಪ, ನಿನ್ನ ಕುತ್ತಿಗೆ ಅಳತೆ ಕೊಟ್ಟು ಹೋಗು!"

"ಇವು ಹಣ್ಣು ಬಿಟ್ರೆ ಅರ್ಧ ಮೀಸೆ ಬೋಳಿಸ್ಕೊಂಡು ಊರೆಲ್ಲ ತಿರುಗ್ತೀನಿ."

ಅವತ್ತಿನಿಂದ ಅತ್ತೆಗೆ ಊಟ ರುಚಿಸಲಿಲ್ಲ. ಒಂದು ಹಣ್ಣು, ಒಂದೇ ಒಂದು, ಅವನ ಕಣ್ಣೆದುರಿಗೆ ಕೊಯ್ಯಬೇಕು! ಅವರ ಸಂಕಟ ನೋಡಲಾರದೆ ನಾನೇ ಹೇಳಿಬಿಟ್ಟೆ, ಹೊಗೆ ಹಾಕಿದರೆ ಅನಾನಸು ಹೂ ಬಿಡುತ್ತದಂತೆ ಅತ್ತೆ, ನಮ್ಮ ಬಾಟನಿ ಮೇಡಂ ಪಾಠ ಮಾಡಿದ್ದಾರೆ ಎಂದು. ಅತ್ತೆಯ ಕಣ್ಣು ಅರಳಿತು, ಆದರೂ ತಡೆದರು. ರೇಷ್ಮೆಹುಳಕ್ಕೆ ಹೊಗೆ ವಿಷ. ಅದಕ್ಕೇ ಗೋಡೆ ಹತ್ತಿರ ಹೋಗಿ ಕೇಳಿದರು.

"ಹರೀ, ಈ ಮನೇಲಿ ಹುಳ ಇಟ್ಟಿದ್ದೀಯೇನೋ?"

"ಇಲ್ಲ ದೊಡ್ಡಮ್ಮ. ಈ ಸಲ ಎಲ್ಲಾ ತೋಟದ ಶೆಡ್ಡಲ್ಲೇ."

ಸುಳ್ಳು! ಇನ್ನೂರು ಮೊಟ್ಟೆಯ ಹುಳ, ಲೆಕ್ಕಕ್ಕೆ ಸುಮಾರು ಎಂಬತ್ತು ಸಾವಿರ ಹುಳ, ಒಳಗಿತ್ತು. ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಬರಬರ ಸೊಪ್ಪು ತಿನ್ನುತ್ತಿತ್ತು. ನಮ್ಮ ಕಡೆ ಹುಳ ಎಷ್ಟಿದೆ, ಎಲ್ಲಿದೆ ಎಂದು ಯಾರೂ ಬಾಯಿ ಬಿಡುವುದಿಲ್ಲ, ದೃಷ್ಟಿ ತಾಗುತ್ತದೆ. ಅದರಲ್ಲೂ ಕದಿರಮ್ಮತ್ತೆಯ ಕಣ್ಣು!

ಅತ್ತೆ ಹಳೇ ಬಾಣಲೆಯಲ್ಲಿ ಹಸಿ ಸೊಪ್ಪು, ತೆಂಗಿನ ನಾರು ಹಾಕಿ, ಹೊಗೆ ದಟ್ಟವಾಗಲಿ ಎಂದು ಹೊಗೆಸೊಪ್ಪಿನ ಕಡ್ಡಿಗಳನ್ನೂ ಸೇರಿಸಿ, ಗಿಡಗಳಿಗೆ ಗೋಣಿಚೀಲ ಹೊದಿಸಿ ಎರಡು ದಿನ ಬೆಳಗ್ಗೆ ಹೊಗೆ ಕೊಟ್ಟರು. ಎರಡು ದಿನವೂ ಗಾಳಿ ನಮ್ಮ ಬೀದಿ ಕಡೆಗಿತ್ತು. ಹರಿಯಣ್ಣ ನೋಡಿದ. ಬೇಡ ಎಂದರೆ ಹುಳ ಇದೆ ಎಂದು ಒಪ್ಪಿಕೊಂಡ ಹಾಗಾಗುತ್ತದೆಂದು ಸುಮ್ಮನಿದ್ದ. ಮೂರನೇ ಬೆಳಗ್ಗೆ ಗಾಳಿ ತಿರುಗಿತು. ಹೊಗೆಯೆಲ್ಲ ಕಿಟಕಿಯೊಳಕ್ಕೆ.

ಅವನು ಗೋಡೆ ಹಾರಿ ಬಂದಾಗ ಕೈಯಲ್ಲಿ ಮಚ್ಚಿತ್ತು. ಮೊದಲ ಗಿಡ ಒಂದೇ ಏಟಿಗೆ ಎರಡು ಹೋಳು. ಎರಡನೆಯದು, ಮೂರನೆಯದು. ಎಲೆ ಹಾರುತ್ತಿವೆ, ಚೀಲ ಹರಿದು ಮಣ್ಣು ಚೆಲ್ಲುತ್ತಿದೆ. ನಾನು ಕಿರುಚುತ್ತಾ ಓಡಿ ಬರುವಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದು ಏಳನೇ ಗಿಡಕ್ಕೆ ಅಡ್ಡ ನಿಂತಿದ್ದರು.

"ಓರೇಯ್! ಹುಚ್ಚು ಹಿಡಿದೈತೇನೋ ನಿಂಗೆ?"

"ಸರಿಯಮ್ಮ ಆಚೆಗೆ! ಸರೀ ಅಂದ್ರೆ!"

ಮಚ್ಚು ಇಳಿಯಿತು. ಗಿಡಕ್ಕೆ ಬೀಳಬೇಕಿದ್ದ ಏಟು ಅತ್ತೆಯ ಮುಂಗೈ ಸೀಳಿತು. ಅತ್ತೆ ಕೈ ನೋಡಿಕೊಳ್ಳಲೂ ಇಲ್ಲ. ತಮ್ಮ ಸಾಲಿನಲ್ಲೇ ದೊಡ್ಡ ಗಿಡವನ್ನು, ತಾವೇ ಎರಡು ವರ್ಷ ಸಾಕಿದ್ದನ್ನು, ಬೇರು ಸಮೇತ ಕಿತ್ತು ಅವನ ಮುಖಕ್ಕೆ ಬೀಸಿದರು. ಒಂದು, ಎರಡು, ಮೂರು! ಕೆನ್ನೆ ತುಂಬ ಕೆಂಪು ಗೆರೆ. ಮಚ್ಚು ಕೆಳಗೆ ಬಿತ್ತು. ಅವನು ಅವರ ಕುತ್ತಿಗೆಗೆ ಕೈ ಹಾಕಿದ, ಇವರು ಅವನ ಹೆಬ್ಬೆರಳು ಕಚ್ಚಿದರು. ಇಬ್ಬರೂ ಮಣ್ಣಿನಲ್ಲಿ ಉರುಳಿದರು. ನಾನು ಇಬ್ಬರ ಮೇಲೂ ಒಂದು ಬಿಂದಿಗೆ ನೀರು ಸುರಿದೆ.

ಆಗ ಹರಿಯಣ್ಣ ಅತ್ತ. ಮಗುವಿನ ಹಾಗೆ ಅತ್ತ. "ಹುಳ ಎಲ್ಲಾ ಹಸಿರು ನೀರು ಕಾರ್ತಾವೆ ದೊಡ್ಡಮ್ಮ. ತಲೆ ಒದರ್ತಾವೆ."

"ಯಾವ ಹುಳವೋ? ಇಲ್ಲ ಅಂದ್ಯಲ್ಲೋ!"

"ನಿನ್ ಕಣ್ಣಿಗೆ ಹೆದರ್ಕೊಂಡು ಅಂದೆ."

ಅತ್ತೆ ಅವನ ಕಪಾಳಕ್ಕೆ ರಪ್ಪನೆ ಬಾರಿಸಿದರು, ಇದು ಬೇರೆ ಥರದ ಏಟು, ಮನೆಯವರಿಗೆ ಕೊಡುವ ಏಟು. "ಎದ್ದೇಳೋ! ಕೂತ್ಕೊಂಡು ಅಳ್ತಾನೆ!" ಸೆರಗು ಹರಿದು ಮುಂಗೈಗೆ ಬಿಗಿದುಕೊಂಡು, ಹೊಗೆಯ ಬಾಣಲೆಗೆ ನೀರು ಹೊಯ್ದು, ಹುಳದ ಮನೆಯ ಆಚೆ ಬೀದಿಯ ಬಾಗಿಲಿಗೆ ಓಡಿ, ಕಿಟಕಿ ಬಾಗಿಲೆಲ್ಲ ತೆರೆದು, ಹೊಗೆ ಕುಡಿದ ಸೊಪ್ಪನ್ನು ತಟ್ಟೆಗಳಿಂದ ಬಾಚಿ ಎಸೆದರು. ಸತ್ತ ಹುಳಗಳನ್ನು ಹಿಡಿಹಿಡಿಯಾಗಿ ಸುಣ್ಣದ ಗುಂಡಿಗೆ ಹಾಕಿದರು. ಬದುಕಿದ್ದನ್ನು ನಾವು ಮೂವರೂ ಜಗಲಿಯ ಗಾಳಿಗೆ ಸಾಗಿಸಿದೆವು. ಹೊಸ ಸೊಪ್ಪಿನ ಮೇಲೆಲ್ಲ ಅತ್ತೆಯ ರಕ್ತ ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನ ಒಂದೇ ಆಟೋದಲ್ಲಿ ಇಬ್ಬರೂ ಬೈದುಕೊಳ್ಳುತ್ತಾ ಹೊಲಿಗೆ ಹಾಕಿಸಿಕೊಳ್ಳಲು ಹೋದರು.

ಹುಳದಲ್ಲಿ ಅರ್ಧ ಉಳಿದು ಗೂಡು ಕಟ್ಟಿತು. ಗಿಡಗಳಲ್ಲಿ ನಾಲ್ಕು ಉಳಿದವು. ಎರಡು ತಿಂಗಳಾಗುವಷ್ಟರಲ್ಲಿ ಒಂದರ ನಡುವೆ ಕೆಂಡದಂಥ ಮೊಗ್ಗು! ನಾನು ಕುಣಿದೇ ಬಿಟ್ಟೆ. ಕಾಯಿ ಬಲಿಯಲು ಮತ್ತೆ ಐದು ತಿಂಗಳು. ಕೋತಿಗಳ ಹಿಂಡು ಬಂದಾಗಲೆಲ್ಲ ಅತ್ತೆ ದೊಣ್ಣೆ ಬೀಸುತ್ತಿದ್ದರು, ಗೋಡೆ ಮೇಲಿಂದ ಹರಿಯಣ್ಣ ಕವಣೆ ಬೀಸುತ್ತಿದ್ದ. ಒಂದು ಗಂಡುಕೋತಿಯ ಹಲ್ಲು ಮುರಿಯಿತು.

ಹಣ್ಣು ಕೊಯ್ಯುವ ದಿನ ಅತ್ತೆ ಅವನನ್ನು ಕೂಗಿ ಕರೆದು ಎದುರಿಗೆ ಕೂರಿಸಿಕೊಂಡರು. ಜುಟ್ಟು ತಿರುವಿದರು. ಅವನು ಒಂದು ಕೈಯನ್ನು ಮೀಸೆಗೆ ಅಡ್ಡ ಹಿಡಿದು ಕಣ್ಣು ಮುಚ್ಚಿಕೊಂಡ. ಮೊದಲ ಹೋಳು ಅವನಿಗೇ ಕೊಟ್ಟರು. ರಸ ಗದ್ದದಿಂದ ಇಳಿಯಿತು.

"ನಾಲಿಗೆ ಕೊಯ್ತೈತೆ ದೊಡ್ಡಮ್ಮ."

"ಕೊಯ್ಲಿ. ಸಿಹಿ ಐತಾ ಇಲ್ವಾ, ಅಷ್ಟು ಬೊಗಳು."

ಅವನು ಇನ್ನೊಂದು ಹೋಳಿಗೆ ಕೈ ಚಾಚಿದ. ಅತ್ತೆ ಚಾಕುವಿನ ಹಿಡಿಯಿಂದ ಆ ಕೈಗೆ ಹೊಡೆದರು.

"ಬಾಯಿಬಿಟ್ಟು ಹೇಳೋ ಮೊದಲು!"

"ಸಿಹಿ, ತಾಯಿ, ಸಿಹಿ!"