ಉಳಿದುಹೋದ ಳ

2009ರ ಫೆಬ್ರವರಿಯ ಒಂದು ಮಂಗಳವಾರ ನಸುಕಿನ 2 ಗಂಟೆ 40 ನಿಮಿಷಕ್ಕೆ, ರಾಣೆಬೆನ್ನೂರಿನ ಒಂದು ರೆಕಾರ್ಡಿಂಗ್ ಕೋಣೆಯಲ್ಲಿ ನನ್ನ ಅಕ್ಕ ತನ್ನ ಮಗಳನ್ನು ಹೆಸರು ಹಿಡಿದು ಕರೆದಳು. ಆ ಹೊತ್ತಿಗೆ ಅಕ್ಕ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಳು. ಅವಳ ಧ್ವನಿಪೆಟ್ಟಿಗೆಯನ್ನು ತೆಗೆದು ಐದು ವಾರವಾಗಿತ್ತು.

ನಾನು ಹಾವೇರಿಯಲ್ಲಿ ಪತ್ರಿಕೆಯೊಂದರ ವರದಿಗಾರ. ಎರಡು ಕಡೆಯಿಂದ ಖಚಿತವಾಗದ ಸುದ್ದಿಯನ್ನು ಕಳಿಸಿದವನಲ್ಲ. ಈ ಸಂಗತಿಗೆ ಒಬ್ಬ ಸಾಕ್ಷಿ ನಾನು, ಇನ್ನೊಬ್ಬ ಇರ್ಫಾನ್. ಆ ರಾತ್ರಿ ನಾವು ಚಹಾ ಬಿಟ್ಟು ಬೇರೇನೂ ಕುಡಿದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದನ್ನಷ್ಟೇ ಇಲ್ಲಿ ಇಡುತ್ತಿದ್ದೇನೆ.

ಅಕ್ಕ ಗಿರಿಜಾ ಬ್ಯಾಡಗಿಯಲ್ಲಿ ಒಂದನೇ ಇಯತ್ತೆಯ ಟೀಚರ್. ಮನೆ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ. ಸುಗ್ಗಿ ಬಂತೆಂದರೆ ಘಾಟಿಗೆ ಆ ಓಣಿಯವರೆಲ್ಲ ಕೆಮ್ಮುತ್ತಾರೆ. ಅಕ್ಕನ ಕೆಮ್ಮನ್ನೂ ನಾವು ಹಾಗೇ ಬಿಟ್ಟೆವು. ಸುಗ್ಗಿ ಮುಗಿದು ಓಣಿಯವರ ಕೆಮ್ಮು ನಿಂತಿತು, ಅವಳದು ನಿಲ್ಲಲಿಲ್ಲ. ಹುಬ್ಬಳ್ಳಿಗೆ ಕರೆದೊಯ್ಯುವ ಹೊತ್ತಿಗೆ ತಡವಾಗಿತ್ತು. ಧ್ವನಿಪೆಟ್ಟಿಗೆ ತೆಗೆಯಲೇಬೇಕು, ಹತ್ತು ದಿನ ಸಮಯವಿದೆ ಎಂದರು ಡಾಕ್ಟರು.

ಇರ್ಫಾನ್ ನನ್ನ ಕಾಲೇಜಿನ ಗೆಳೆಯ. ರಾಣೆಬೆನ್ನೂರಿನಲ್ಲಿ, ಸದ್ದು ತಡೆಯಲು ಗೋಡೆಗೆಲ್ಲ ಕೌದಿ ಬಡಿದ ಸಣ್ಣ ಕೋಣೆಯಲ್ಲಿ ಪ್ರಚಾರದ ಆಟೋಗಳಿಗೆ ಜಾಹೀರಾತು, ಭಜನಾ ಮಂಡಳಿಗಳಿಗೆ ಸಿ.ಡಿ. ಮಾಡಿಕೊಡುತ್ತಿದ್ದ. ಜಪಾನಿನವರದೊಂದು ತಂತ್ರಾಂಶ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿದೆ ಎಂದು ಹೇಳಿದವನು ಅವನೇ. ಒಬ್ಬರ ದನಿಯಲ್ಲಿ ಬಿಡಿ ಬಿಡಿ ಅಕ್ಷರ ತುಂಬಿಟ್ಟರೆ, ಆಮೇಲೆ ನಾವು ಬರೆದ ಮಾತನ್ನು ಅದೇ ದನಿಯಲ್ಲಿ ಜೋಡಿಸಿ ನುಡಿಯುತ್ತದೆ. ಅಂದರೆ ನಮಗೆ ಬೇಕಾಗಿದ್ದದ್ದು ಕಾಗುಣಿತ. ಅಕ್ಕನ ದಿನನಿತ್ಯದ ಕೆಲಸ.

ಎರಡು ದಿನ ಅವಳು ಮೈಕಿನ ಮುಂದೆ ಕೂತು ಕ, ಕಾ, ಕಿ, ಕೀ ಹೇಳಿದಳು. ತರಗತಿಯ ರಾಗ ತಾನಾಗೇ ಬರುತ್ತಿತ್ತು.

"ಅಕ್ಕಾರ, ರಾಗ ಬ್ಯಾಡ್ರಿ. ಒಂದ ದನಿಲೆ ಹೇಳ್ರಿ" ಎಂದ ಇರ್ಫಾನ್.

"ರಾಗ ಇಲ್ಲದ ನನ್ನ ಹುಡುಗ್ರಿಗೇ ತಿಳಿಯೂದಿಲ್ಲ, ನಿನ್ನ ಡಬ್ಬಿಗೆ ಹೆಂಗ ತಿಳೀತೈತೋ" ಎಂದಳು ಅಕ್ಕ.

ಎರಡನೇ ದಿನ ಸಂಜೆ ಹಕಾರ ಮುಗಿಸಿದಳು. ಕೆಮ್ಮು ಶುರುವಾಯಿತು. ಕರವಸ್ತ್ರದಲ್ಲಿ ರಕ್ತ ಕಂಡು ಇರ್ಫಾನ್ ಮೈಕ್ ಬಂದ್ ಮಾಡಿದ. ಉಳಿದಿದ್ದು ವರ್ಣಮಾಲೆಯ ಕೊನೆಯ ಅಕ್ಷರ, ಒಂದು ಳ. ನಾಳೆ ಮಾಡಿದರಾಯಿತು ಎಂದುಕೊಂಡೆವು. ಮರುದಿನ ಬೆಳಿಗ್ಗೆಯೇ ಬಂದು ದಾಖಲಾಗಿ ಎಂದು ಆಸ್ಪತ್ರೆಯಿಂದ ಫೋನ್ ಬಂತು.

ಅಕ್ಕನ ಮಗಳಿಗೆ ಐದು ವರ್ಷ. ಹೆಸರು ಮಂಗಳಾ.

ಆಪರೇಶನ್ ಆದ ಮೇಲೆ ಅಕ್ಕ ಉಸಿರಾಡುತ್ತಿದ್ದದ್ದು ಕುತ್ತಿಗೆಯ ಬುಡದಲ್ಲಿ ಮಾಡಿದ ತೂತಿನಿಂದ. ಪ್ರತಿ ಉಸಿರಿಗೂ ಅಲ್ಲಿ ಗಾಳಿ ಸುಂಯ್ ಎನ್ನುತ್ತಿತ್ತು. ಮೊದಲ ಸಲ ನೋಡಿದ ಮಂಗಳಾ ಕಿರುಚಿಕೊಂಡು ಹೊರಗೋಡಿದಳು. ಹಾವೇರಿಯ ನಮ್ಮ ಮನೆಯಲ್ಲೇ ಉಳಿದಳು. ಕೇಳಿದರೆ ಒಂದೇ ಮಾತು.

"ಅಕಿ ನಮ್ಮವ್ವ ಅಲ್ಲ. ನಮ್ಮವ್ವ ಕರದ್ರ ಹೋಗ್ತೇನಿ."

ಎತ್ತಿಕೊಂಡು ಹೋಗಲು ಒಮ್ಮೆ ನೋಡಿದೆವು. ಅಕ್ಕ ಪಾಟಿಯ ಮೇಲೆ ಬರೆದಳು: "ಅಳಸಿ ತರಬ್ಯಾಡ್ರಿ. ತಾನಾಗೆ ಬರಲಿ."

ನಾನು, ಇರ್ಫಾನ್ ಕೆಲಸಕ್ಕೆ ಕೂತೆವು. ಅಕ್ಷರ ನುಡಿಸುವ ತಂತ್ರಾಂಶ ಒಂದು. ಟ್ರ್ಯಾಕ್‌ಗಳನ್ನು ಕೂಡಿಸಿ, ಸಂದುಗಳನ್ನು ಸವರಿ, ದನಿಗೆ ಏರಿಳಿತ ಕೊಡುವ ತಂತ್ರಾಂಶ ಇನ್ನೊಂದು. ನಡುವೆ ಕೊಂಡಿಯಾಗಿ ಒಂದು ಪ್ಲಗಿನ್. ಆ ಕೊಂಡಿ ಮಾತು ಮಾತಿಗೆ ಕಳಚುತ್ತಿತ್ತು. ಪರದೆ ಕಲ್ಲಿನಂತೆ ನಿಂತುಬಿಡುತ್ತಿತ್ತು. ಹದಿನೈದು ದಿನ ಗುದ್ದಾಡಿ ಒಂದು ಸಾಲು ಹೊರಡಿಸಿದೆವು. ಳ ಬೇಕಾದ ಕಡೆ ಲ ಹಾಕಿದ್ದೆವು. ಮೊಬೈಲಿಗೆ ತುಂಬಿಕೊಂಡು ಹೋಗಿ ಮಂಗಳಾಗೆ ಕೇಳಿಸಿದೆ.

ಪೂರ್ತಿ ಕೇಳಿದಳು. "ನಮ್ಮವ್ವ ಮಂಗಲಾ ಅನ್ನೂದಿಲ್ಲ ಮಾಮಾ" ಎಂದು ಎದ್ದುಹೋದಳು.

ಒಂದು ಅಕ್ಷರಕ್ಕಾಗಿ ನಾನು ಎಲ್ಲೆಲ್ಲಿ ಅಲೆದೆ ಎಂಬ ಪಟ್ಟಿ ನೋಟ್‌ಬುಕ್ಕಿನಲ್ಲಿದೆ. ಶಾಲೆಯ ವಾರ್ಷಿಕ ಗ್ಯಾದರಿಂಗ್ ಕ್ಯಾಸೆಟ್ಟಿನ ಮೇಲೆ ಯಾರೋ ಹಾಡು ತುಂಬಿದ್ದರು. ಮದುವೆಯ ವಿಡಿಯೋದಲ್ಲಿ ಬ್ಯಾಂಡಿನ ಸದ್ದು ಬಿಟ್ಟು ಬೇರೇನಿಲ್ಲ. ಇರ್ಫಾನನ ಹೆಂಡತಿಯ ದನಿಯಿಂದ ಒಂದು ಳ ಕತ್ತರಿಸಿ ಕೂಡಿಸಿದೆವು; ಬೇರೆ ಬಣ್ಣದ ತೇಪೆ ಹಾಕಿದಂತೆ ಎದ್ದು ಕಾಣುತ್ತಿತ್ತು.

ಅಷ್ಟರಲ್ಲಿ ಅಕ್ಕನ ಗಾಯಕ್ಕೆ ಕೀವಾಗಿ ಜ್ವರ ಏರಿತು. ಮತ್ತೆ ಹುಬ್ಬಳ್ಳಿ. ಬುಧವಾರ ಇನ್ನೊಂದು ಆಪರೇಶನ್. ಯಾರನ್ನು ನೋಡಬೇಕೆಂದಿದ್ದಾರೋ ಅವರನ್ನು ಅದರೊಳಗೆ ತೋರಿಸಿಬಿಡಿ ಎಂದು ಡಾಕ್ಟರು ಭಾವನಿಗೆ ಹೇಳಿದ್ದರು.

ಸೋಮವಾರ ಸಂಜೆಯೇ ರಾಣೆಬೆನ್ನೂರಿಗೆ ಹೋದೆ. ಕರೆಂಟು ಬಂದದ್ದು ರಾತ್ರಿ ಹನ್ನೊಂದಕ್ಕೆ. ಬಾಗಿಲು ಹಾಕಿ ಫ್ಯಾನ್ ಆರಿಸಿದೆವು. ಕೌದಿಗಳ ಕಮಟು ವಾಸನೆ, ಕಂಪ್ಯೂಟರಿನ ಗುಂಯ್ ಸದ್ದು... ಬೇರೇನೂ ಇಲ್ಲ.

ಎರಡು ಗಂಟೆಯ ಹೊತ್ತಿಗೆ ಪ್ಲಗಿನ್ ನಾಲ್ಕು ಸಲ ಕಳಚಿತ್ತು. ಇರ್ಫಾನ್ ಚಾಪೆಯ ಮೇಲೆ ಒರಗಿ ನಿದ್ದೆ ಹೋದ. ಬೇರೆ ದಾರಿ ಕಾಣದೆ ನಾನು ಮತ್ತೆ ಅದೇ ಸಾಲನ್ನು ಹೊಡೆದೆ, ಲ ಹಾಕಿಯೇ. ಮಂಗಲಾ, ಬಾರವ್ವಾ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗುಂಡಿ ಒತ್ತಿದೆ.

ಘಾಟು ಬಂತು... ಒಣಮೆಣಸಿನಕಾಯಿಯ ಘಾಟು. ಅಕ್ಕನ ಸೀರೆಯಿಂದ ಯಾವಾಗಲೂ ಬರುವಂಥದು. ಕಣ್ಣಲ್ಲಿ ನೀರಾಡಿತು.

ಆಮೇಲೆ ಒಂದು ಉಸಿರು ಕೇಳಿತು. ಆ ತಂತ್ರಾಂಶ ಉಸಿರಾಡುವುದಿಲ್ಲ. ಉಸಿರನ್ನು ನಾವು ತುಂಬಿಯೇ ಇರಲಿಲ್ಲ.

"ಮಂಗಳಾ... ಬಾರವ್ವಾ."

ಳ. ನಾಲಿಗೆ ಮಡಚಿ ಬಿಟ್ಟ, ತುಂಬಿದ ಳ.

ಕನಸಿರಬಹುದೆಂದು ಗಡಿಯಾರ ನೋಡಿದೆ, ಹೊತ್ತು ಬರೆದುಕೊಂಡೆ. ಇರ್ಫಾನನನ್ನು ಎಬ್ಬಿಸಿ, ಏನೂ ಹೇಳದೆ ಹೆಡ್‌ಫೋನ್ ಕೊಟ್ಟೆ. ಕೇಳಿದ. ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟ. ಬಾಗಿಲ ಕಡೆ ನೋಡಿದ.

"ಅಕ್ಕಾರು ಯಾವಾಗ ಬಂದಿದ್ರು?"

"ಬಂದಿಲ್ಲ."

"ದೋಸ್ತ, ಉಸಿರು ಕೇಳಿದಿ ಏನು?" ದನಿ ತಗ್ಗಿತ್ತು. "ಅದು ಬಾಯಿಂದ ಬಂದಿದ್ದಲ್ಲ."

ಮತ್ತೊಮ್ಮೆ ಹಾಕಿದೆವು. ಮಾತಿನ ಮೊದಲು ಒಮ್ಮೆ, ಕೊನೆಗೆ ಒಮ್ಮೆ... ಸುಂಯ್. ಕುತ್ತಿಗೆಯ ತೂತಿನ ಗಾಳಿ. ಅಕ್ಕ ಈ ಕೋಣೆಗೆ ಬಂದಾಗ ಆ ತೂತು ಇರಲಿಲ್ಲ. ತೂತು ಬಂದ ಮೇಲೆ ಅವಳು ಇಲ್ಲಿಗೆ ಬಂದಿಲ್ಲ.

ಅಕ್ಷರಗಳ ಫೋಲ್ಡರ್ ತೆರೆದು ಒಂದೊಂದೇ ನೋಡಿದೆವು. ಕೊನೆಯದು ಹಕಾರವೇ. ಪ್ಲಗಿನ್ ಮುಚ್ಚಿ, ತೆರೆದು, ಅದೇ ಸಾಲನ್ನು ಆರು ಸಲ ನುಡಿಸಿದೆವು. ಆರು ಸಲವೂ ಮಂಗಲಾ ಎಂದೇ ಬಂತು, ಉಸಿರಿಲ್ಲದೆ. ಳ ಇದ್ದದ್ದು ಮೊದಲ ಸಲದ ಫೈಲಿನಲ್ಲಿ ಮಾತ್ರ; ಅದನ್ನು ಮೊಬೈಲಿಗೆ ತುಂಬಿಕೊಂಡೆ. ಹೊರಗಿನ ಮೈಕ್ ಏನಾದರೂ ಹಿಡಿಯಿತೇ ಎಂದು ನೋಡಿದೆವು. ಮೈಕಿನ ತಂತಿ ಚೀಲದಲ್ಲಿ ಸುತ್ತಿಟ್ಟಲ್ಲೇ ಇತ್ತು.

ಇರ್ಫಾನ್ ಬೆಳಗಾಗುವ ತನಕ ಕೋಣೆಯ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ನಾನೂ ಅಲ್ಲೇ ಇದ್ದೆ.

ಮೊದಲ ಬಸ್ಸಿಗೆ ಹಾವೇರಿ. ಮಂಗಳಾ ಇನ್ನೂ ಹಾಸಿಗೆಯಲ್ಲಿದ್ದಳು. ಮೊಬೈಲಿನಲ್ಲಿ ಒಮ್ಮೆ ಹಾಕಿದೆ. ಕಣ್ಣು ಬಿಟ್ಟಳು, ಎದ್ದಳು, ಚಪ್ಪಲಿ ಹುಡುಕತೊಡಗಿದಳು.

"ನಡಿ ಮಾಮಾ. ಅವ್ವ ರಾತ್ರಿನೂ ಕರದ್ಲು, ನೀ ಇದ್ದಿದ್ದಿಲ್ಲ."

ಯಾವಾಗ ಎಂದು ಕೇಳಿದೆ. ಕತ್ತಲಿದ್ದಾಗ ಎಂದಳು.

ಹುಬ್ಬಳ್ಳಿಯಲ್ಲಿ ಮಂಗಳಾ ನೆಟ್ಟಗೆ ಮಂಚ ಹತ್ತಿ ಅಕ್ಕನ ಮಗ್ಗುಲಲ್ಲಿ ಮಲಗಿದಳು. ಕುತ್ತಿಗೆಯ ಕಡೆ ನೋಡಿದಳು, ಹೆದರಲಿಲ್ಲ. ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಭಾವ ನನ್ನನ್ನು ಹೊರಗೆ ಕರೆದು ಪಾಟಿ ತೋರಿಸಿದ. ರಾತ್ರಿ ಎರಡೂವರೆ ದಾಟಿದ ಮೇಲೆ, ಜ್ವರದಲ್ಲೇ ಎದ್ದು ಕೂತು, ಕೈಸನ್ನೆ ಮಾಡಿ ಪಾಟಿ ಕೇಳಿದಳಂತೆ.

"ನಿದ್ದಿಗಣ್ಣಾಗ ಸಾಲಿ ನೆನಪಾಗಿರಬೇಕು, ಹೌದಿಲ್ಲೋ?" ಎಂದ.

ಪಾಟಿಯ ಮೇಲೆ ಟೀಚರಿನ ದುಂಡು ಅಕ್ಷರದಲ್ಲಿ ಒಂದೇ ಸಾಲಿತ್ತು. ಳ ಳಾ ಳಿ ಳೀ ಳು ಳೂ... ಪೂರ್ತಿ ಕಾಗುಣಿತ. ಳ ಉಳಿದದ್ದು ಅಕ್ಕನಿಗೆ ಗೊತ್ತಿತ್ತು; ಆದರೆ ನಾವು ಅದನ್ನೇ ಹುಡುಕುತ್ತಿದ್ದೇವೆ, ಆ ರಾತ್ರಿ ಅದಕ್ಕೇ ಕೂತಿದ್ದೇವೆ ಎಂದು ಅಕ್ಕನಿಗಾಗಲಿ ಭಾವನಿಗಾಗಲಿ ನಾನು ಹೇಳಿರಲಿಲ್ಲ. ಇರ್ಫಾನನೂ ಹೇಳಿರಲಿಲ್ಲ, ಆಮೇಲೆ ಕೇಳಿ ಖಚಿತಪಡಿಸಿಕೊಂಡೆ.

ಬುಧವಾರದ ಆಪರೇಶನ್ ಮುಗಿಯಿತು. ಮಾರ್ಚಿನಲ್ಲಿ ಅಕ್ಕ ಮನೆಗೆ ಬಂದಳು, ಮಂಗಳಾ ಕೂಡ. ಆ ಫೈಲು ಇರ್ಫಾನನ ಕಂಪ್ಯೂಟರಿನಲ್ಲಿದೆ. ಅವನು ಅದನ್ನು ಮತ್ತೆ ತೆರೆದಿಲ್ಲ. ಪ್ಲಗಿನ್ ತೆಗೆದುಹಾಕಿದ್ದಾನೆ.

ಹೋದ ರವಿವಾರ ಸಂಜೆ ಬ್ಯಾಡಗಿಗೆ ಹೋಗಿದ್ದೆ. ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕೂತಿದ್ದೆ. ಮಂಗಳಾ ಓಣಿಯ ಆ ತುದಿಯಲ್ಲಿ ಗೆಳತಿಯರ ಜೊತೆ ಕುಂಟಾಟ ಆಡುತ್ತಿದ್ದಳು. ಅಕ್ಕ ಬಡಿಯುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡಿದಳು. ಬಾಯಿ ತೆರೆಯಲಿಲ್ಲ. ಕುತ್ತಿಗೆಗೆ ಕಟ್ಟಿದ ಬಟ್ಟೆಯ ಹಿಂದೆ ಗಾಳಿ ಒಮ್ಮೆ ಸುಂಯ್ ಎಂದಿತು.

"ಬಂದ್ನಿ ಯವ್ವಾ" ಎನ್ನುತ್ತ ಮಂಗಳಾ ಓಣಿಯ ತುದಿಯಿಂದ ಓಡಿಬಂದಳು.