ಅದು ಬೀಚಲ್ಲ, ನಮ್ಮೂರು

ಬೈರಿದೇವರಕೊಪ್ಪದ ನಮ್ಮ ಲೇಔಟಿನಲ್ಲಿ ನನ್ನ ತವರೂರಿಗೆ ಹೆಸರಿಲ್ಲ. ಹೋಗಿ ಬಂದವರೆಲ್ಲ "ಬೀಚಿಗೆ ಹೋಗಿದ್ವಿ" ಅನ್ನುತ್ತಾರೆ. ಯಾವ ಬೀಚು ಎಂದು ಕೇಳಿದರೆ "ಅದ ರೀ, ಘಟ್ಟಾ ಇಳದ ಮ್ಯಾಲೆ ಬರತೈತಲ್ಲ" ಎಂದು ಪಡುವಣಕ್ಕೆ ಕೈ ಬೀಸುತ್ತಾರೆ. ನಾನು ಹುಬ್ಬಳ್ಳಿಗೆ ಸೊಸೆಯಾಗಿ ಬಂದವಳು. ಇಲ್ಲಿಯ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುತ್ತ ನಿವೃತ್ತಿಯ ಹತ್ತಿರ ಬಂದಿದ್ದೇನೆ. ಎಷ್ಟೋ ಮಕ್ಕಳ ಕೈಯಲ್ಲಿ ನೈಲ್ ನದಿಯ ನಕ್ಷೆ ಬರೆಸಿದ್ದೇನೆ. ಆದರೆ ಅಕ್ಕಪಕ್ಕದ ಮನೆಯವರಿಗೆ ನನ್ನ ಊರು ಎಂಥದು ಎಂದು ತಿಳಿಸಿ ಹೇಳಲು ಇಷ್ಟು ವರ್ಷದಲ್ಲಿ ನನ್ನಿಂದ ಆಗಲಿಲ್ಲ.

ಊರು ಸಣ್ಣದೇ. ಮೂಡಣಕ್ಕೆ ಘಟ್ಟ, ಪಡುವಣಕ್ಕೆ ಸಮುದ್ರ, ನಡುವೆ ಒಂದು ಬೆಳಗಿನಲ್ಲಿ ನಡೆದು ಮುಗಿಸಬಹುದಾದಷ್ಟು ನೆಲ. ಘಟ್ಟದಿಂದ ಇಳಿದು ಬರುವ ನದಿ ಕಡಲು ಸೇರುವ ಮುಂಚೆ ಅಗಲವಾಗಿ ಹರಡಿಕೊಳ್ಳುತ್ತದೆ. ಭರ್ತಿ ಬಂದಾಗ ಉಪ್ಪುನೀರು ನದಿಯೊಳಗೆ ಬಹಳ ದೂರ ನುಗ್ಗುತ್ತದೆ, ಇಳಿತವಾದಾಗ ಹಿಂದೆ ಸರಿಯುತ್ತದೆ. ಆ ನೀರಿನ ಅಂಚಿನ ಗದ್ದೆಗಳಿಗೆ ಗಜನಿ ಎನ್ನುತ್ತೇವೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಉಳಿದ ಕಾಲದಲ್ಲಿ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ನೀರು ಇಳಿದ ಹೊತ್ತಿನಲ್ಲಿ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬಳಚು ಎಂಬ ಚಿಪ್ಪಿಮೀನು ಆರಿಸುತ್ತಾರೆ. ನದಿ ಕಡಲಿಗೆ ಕೂಡುವ ಬಾಯಿ ಅಳಿವೆ. ಅಳಿವೆಯಲ್ಲಿ ಒಂದು ಉಸುಕಿನ ದಿಬ್ಬವಿದೆ. ಪ್ರತಿ ಮಳೆಗಾಲ ಕಳೆದ ಮೇಲೆ ಅದು ತನ್ನ ಜಾಗ ಬದಲಿಸಿರುತ್ತದೆ.

ಈ ದಿಬ್ಬದ ಕಾರಣಕ್ಕೇ ದೊಡ್ಡ ಹಡಗುಗಳು ಎಂದೂ ಒಳಗೆ ಬರಲಿಲ್ಲ. ಹೊರಗೆ ಆಳದ ನೀರಿನಲ್ಲಿ ನಿಂತಿರುತ್ತಿದ್ದವು. ಇಲ್ಲಿಂದ ಸಣ್ಣ ದೋಣಿಗಳಲ್ಲಿ ಸರಕು ಒಯ್ದು ಹತ್ತಿಸುತ್ತಿದ್ದರು. ಯಾವ ಸರಕು? ಹುಬ್ಬಳ್ಳಿ, ಧಾರವಾಡದ ಎರೆಹೊಲದಲ್ಲಿ ಬೆಳೆದ ಹತ್ತಿ. ರೈಲು ಇಲ್ಲದ ಕಾಲದಲ್ಲಿ ಅದು ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ನಮ್ಮೂರಿನ ಬಂದರಕ್ಕೆ ಬರುತ್ತಿತ್ತು. ಮುಂಬಯಿಯ ಪೇಟೆಯಲ್ಲಿ ಆ ಹತ್ತಿಯನ್ನು ಬೆಳೆದ ನೆಲದ ಹೆಸರಿನಿಂದ ಕರೆಯದೆ, ಹಡಗು ಹತ್ತಿಸಿದ ನಮ್ಮೂರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಆಮೇಲೆ ರೈಲು ಬಂತು, ಹತ್ತಿ ಬೇರೆ ದಾರಿ ಹಿಡಿಯಿತು, ಬಂದರದಲ್ಲಿ ಹತ್ತಿ ತುಂಬಿಡುತ್ತಿದ್ದ ಕೋಠಿಗಳ ಹಂಚು ಒಂದೊಂದಾಗಿ ಉದುರಿತು. ಹುಬ್ಬಳ್ಳಿ ಬೆಳೆಯಿತು. ನಮ್ಮೂರು ಇದ್ದಲ್ಲೇ ಇತ್ತು.

ನಮ್ಮ ಪಕ್ಕದ ಮನೆಯವರದು ಹತ್ತಿ ವ್ಯಾಪಾರದ ಮನೆತನ. ಮುತ್ತಜ್ಜನ ಕಾಲದಿಂದ ಅಡತಿ ಅಂಗಡಿ ಇತ್ತಂತೆ. ಈಗಿನ ಯಜಮಾನರು ಗೋಕುಲ ರಸ್ತೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾರೆ. ಕೆಟ್ಟ ಮನುಷ್ಯ ಎಂದು ನಾನು ಹೇಳಲಾರೆ. ನನ್ನ ಗಂಡನಿಗೆ ಎದೆ ಹಿಡಿದುಕೊಂಡಾಗ ಸ್ನಾನದ ಪಂಜೆಯಲ್ಲೇ ಓಡಿ ಬಂದು ಕಾರು ತೆಗೆದವರು ಅವರು. ಅವರ ಹೆಂಡತಿಗೂ ನನಗೂ ಕಟ್ಟೆಯ ಮೇಲೆ ಕೂತು ಮಾತಾಡುವ ಸಲಿಗೆ. ಕಳೆದ ಚಳಿಗಾಲದಲ್ಲಿ ಯಜಮಾನರು ಹೊಸ ದೊಡ್ಡ ಗಾಡಿ ತಂದರು. "ಅಕ್ಕಾರ, ಈ ಸಲ ನಿಮ್ಮ ಬೀಚಿಗೆ ಹೋಗೋಣು ನಡೀರಿ. ನೀವ ಎಲ್ಲಾ ತೋರಸ್ರಿ" ಎಂದರು. ನನಗೆ ಎಷ್ಟು ಹಿಗ್ಗಾಯಿತೆಂದರೆ, ಆ "ಬೀಚು" ಶಬ್ದವನ್ನೂ ಅಂದು ಕ್ಷಮಿಸಿಬಿಟ್ಟೆ.

ನಾಲ್ಕು ಜನ ಹೊರಟೆವು: ಅವರಿಬ್ಬರು, ನಾವಿಬ್ಬರು. ಘಟ್ಟ ಇಳಿಯುವಾಗ ನಾನು ಹತ್ತಿಯ ಕತೆ ತೆಗೆದೆ. "ನಿಮ್ಮ ಮುತ್ತಜ್ಜಾರ ಹತ್ತಿನೂ ಹಿಂಗ ಘಟ್ಟಾ ಇಳದ ಹೋಗಿರಬೇಕು ನೋಡ್ರಿ" ಎಂದೆ.

"ಹೌದೇನ್ರಿ? ಛಲೋ ಆತು" ಎಂದು ಅವರು ಹಾಡಿನ ದನಿ ಏರಿಸಿದರು.

ಮಧ್ಯಾಹ್ನ ನನ್ನ ಚಿಕ್ಕಮ್ಮನ ಮನೆಯಲ್ಲಿ ಊಟ. ಬರುವವರು ಲಿಂಗಪೂಜೆಯ ಮನೆತನದವರು ಎಂದು ನಾನು ಮೊದಲೇ ತಿಳಿಸಿದ್ದೆ. ಚಿಕ್ಕಮ್ಮ ಹಿಂದಿನ ದಿನದಿಂದಲೇ ಮನೆಯಲ್ಲಿ ಮೀನು ಮಾಡದೆ, ಬೇರೆ ಪಾತ್ರೆ ತೆಗೆದು, ತಂಬುಳಿ, ಗೆಣಸಿನ ಪಲ್ಯ, ಕಗ್ಗದ ಕೆಂಪಕ್ಕಿ ಅನ್ನ ಮಾಡಿ ಬಡಿಸಿದಳು. ಉಂಡೆದ್ದ ಮೇಲೆ ಬಂದರದ ಹಳೆಯ ಕೋಠಿ ನೋಡೋಣ ಎಂದೆ. ಅಲ್ಲಿ ಇನ್ನೂ ಒಂದು ಗೋಡೆ ನಿಂತಿದೆ. "ಗ್ವಾಡಿ ಏನ ನೋಡೂದ್ರಿ ಅಕ್ಕಾರ, ಹುಬ್ಬಳ್ಳ್ಯಾಗ ಬೇಕಾದಷ್ಟ ಗ್ವಾಡಿ ಅದಾವ" ಎಂದು ಯಜಮಾನರು ನಕ್ಕರು. ಗಾಡಿ ನೇರ ಅಳಿವೆಯ ಕಡೆಗೆ ಹೋಯಿತು.

ಅಳಿವೆಯ ಉಸುಕು ಬೇರೆ ತರಹದ್ದು. ಮೇಲೆ ಸಿಮೆಂಟು ಬಳಿದಂತೆ ಗಟ್ಟಿಯಾಗಿ ಕಾಣುತ್ತದೆ, ಕೆಳಗೆ ನೀರು ಹರಿಯುತ್ತಿರುತ್ತದೆ. ಅವರು ರಸ್ತೆ ಬಿಟ್ಟು ಗಾಡಿಯನ್ನು ಉಸುಕಿಗೆ ಇಳಿಸುವುದನ್ನು ಕಂಡು ನಾನು ಹಿಂದಿನ ಸೀಟಿನಿಂದ ಕೂಗಿದೆ: "ಅಣ್ಣಾರ, ಇಲ್ಲೆ ಬ್ಯಾಡ್ರಿ. ಇದು ಅಳಿವಿ. ನೀರು ಹೊಳ್ಳೇತಿ, ಈಗ ಭರ್ತಿ ಏರತೈತಿ."

"ಇದು ಫೋರ್ ವ್ಹೀಲ್ ಗಾಡಿ ಐತ್ರಿ ಅಕ್ಕಾರ. ಗುಡ್ಡಾ ಹತ್ತತೈತಿ. ಒಂದ ಫೋಟೋ ತಗಸ್ಕೊಂಡು ಹೊಳ್ಳೋಣು."

ಫೋಟೋ ಆಯಿತು. ಹೊರಳಿಸುವಾಗ ಹಿಂದಿನ ಗಾಲಿ ಹೂತಿತು. ಅವರು ಸಿಟ್ಟಿನಿಂದ ಎಕ್ಸಲರೇಟರು ಒತ್ತಿದಷ್ಟೂ ಗಾಡಿ ಒಳಗಿಳಿಯಿತು. ನಾವು ಮೂವರು ಇಳಿದು ತಳ್ಳಿದೆವು. ಎದೆನೋವಿನ ನನ್ನ ಗಂಡನೂ ಕೈ ಹಚ್ಚಿದರು, ನಾನು ಬೈದು ಹಿಂದೆ ಸರಿಸಿದೆ. ಅಷ್ಟರಲ್ಲಿ ಮೊದಲ ತೆರೆ ಬಂದು ಮುಂದಿನ ಗಾಲಿ ತೊಯ್ಯಿಸಿ ಹೋಯಿತು. ಪಕ್ಕದ ಮನೆಯಾಕೆ ಸೀರೆಯ ಸೆರಗು ಬಾಯಿಗೆ ಹಿಡಿದು ಅಳತೊಡಗಿದಳು. ಯಜಮಾನರು ಕೆಳಗಿಳಿದು ಫೋನು ಹಿಡಿದು ಹುಬ್ಬಳ್ಳಿಯ ಶೋರೂಮಿನವರ ಸಂಗಡ ಜಗಳಾಡುತ್ತಿದ್ದರು.

ಸ್ವಲ್ಪ ದೂರದಲ್ಲಿ ಮೀನುಗಾರರ ಒಂದು ಗುಂಪು ಕೈರಂಪಣಿ ಎಳೆಯುತ್ತಿತ್ತು. ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧ ಚಂದ್ರದ ಹಾಗೆ ಬಿಟ್ಟು, ಎರಡು ತುದಿಯ ಹಗ್ಗ ಹಿಡಿದು ಎರಡು ಸಾಲಾಗಿ ದಡಕ್ಕೆ ಎಳೆಯುವ ಕೆಲಸ ಅದು. ಒಮ್ಮೆ ಹಿಡಿದರೆ ನಡುವೆ ಬಿಡುವಂತಿಲ್ಲ. ಬಿಟ್ಟರೆ ಬಲೆ ಸಡಿಲಾಗಿ ಒಳಗಿನ ಮೀನು ಹೊರಗೆ ಹೋಗುತ್ತದೆ. ಅದು ಗೊತ್ತಿದ್ದೂ ನಾನು ಅವರ ಹತ್ತಿರ ಓಡಿದೆ. ಬೇರೆ ಯಾರ ಹತ್ತಿರ ಓಡಲಿ?

ಗುಂಪಿನ ಹಿರಿಯನಿಗೆ ನನ್ನ ಚಿಕ್ಕಮ್ಮನ ಮನೆ ಗೊತ್ತಿತ್ತು. ಅವನು ನನ್ನನ್ನು ನೋಡಿದ, ಗಾಡಿಯನ್ನು ನೋಡಿದ, ನೀರನ್ನು ನೋಡಿದ.

"ಒಳಗೆ ಜನ ಅದಾರಾ?" ಎಂದು ಕೇಳಿದ.

"ಇಲ್ಲ, ಎಲ್ಲ ಇಳಿದಿದ್ದಾರೆ."

"ಆದ್ರೂ ಗಾಡಿ ಹೋಯ್ತದೆ" ಎಂದ. ಒಂದು ಗಳಿಗೆ ಬಲೆಯ ಕಡೆ ತಿರುಗಿ ನಿಂತ. ಆಮೇಲೆ ತನ್ನವರಿಗೆ ಏನೋ ಕೂಗಿದ. ಆಚೆ ಸಾಲಿನವರು ಬೇಡ ಎನ್ನುವಂತೆ ಕೈ ಆಡಿಸಿದರು. ಅವನು ಮತ್ತೆ ಕೂಗಿದ. ಹಗ್ಗ ಬಿಟ್ಟರು.

ಅವರು ದೋಣಿಯಲ್ಲಿದ್ದ ತಮ್ಮ ಇನ್ನೊಂದು ಹಗ್ಗ ತಂದು ಗಾಡಿಗೆ ಕಟ್ಟಿದರು, ಗಾಲಿಯ ಕೆಳಗೆ ತೆಂಗಿನ ಮಡಲು ತುರುಕಿದರು, ಸೊಂಟದ ತನಕ ತೊಯ್ದು ಉಸಿರು ಹಿಡಿದು ಎಳೆದರು. ಗಾಡಿ ಗಟ್ಟಿ ನೆಲಕ್ಕೆ ಬಂದು ನಿಂತಾಗ ಅಳಿವೆಯ ಬಾಯಲ್ಲಿ ನೀರು ತುಂಬಿತ್ತು. ಬಲೆಯ ಒಂದು ತುದಿ ಸೆಳೆತಕ್ಕೆ ಹೋಗಿ ಬಂಡೆಗೆ ಸಿಕ್ಕಿ ಹರಿದಿತ್ತು. ದಡಕ್ಕೆ ಎಳೆದು ಹಾಕಿದಾಗ ಅದರಲ್ಲಿ ಕಡಲಸೊಪ್ಪು, ನಾಲ್ಕಾರು ಬೂತಾಯಿ ಮೀನು, ಅಷ್ಟೇ. ಆ ಬಲೆಯ ಮೇಲೆ ಅಂದು ಎಷ್ಟೋ ಮನೆಯ ಒಲೆ ನಿಂತಿತ್ತು.

ನನ್ನ ಗಂಡ ಕಿಸೆಗೆ ಕೈ ಹಾಕಿದರು. ಹಿರಿಯ ತಲೆ ಅಲ್ಲಾಡಿಸಿದ. "ಬ್ಯಾಡ್ರಾ. ನಮ್ಮೂರ ಮಗಳ ಸಂಗ್ತಿ ಬಂದೋರು ನೀವು. ಹುಷಾರಾಗಿ ಹೋಗಿ." ಯಜಮಾನರು ಆಗಲೇ ಡ್ರೈವರ್ ಸೀಟಿಗೆ ಹತ್ತಿ ಕೂತಿದ್ದರು. ಕಿಟಕಿಯ ಗಾಜು ಇಳಿಸಿ ನನಗೆ ಹೇಳಿದರು: "ಲಗೂ ಬರ್ರಿ ಅಕ್ಕಾರ, ಘಟ್ಟದಾಗ ಕತ್ತಲಾಗತೈತಿ." ಆ ಜನಕ್ಕೆ ಒಂದು ಮಾತಿಲ್ಲ. ಗಾಬರಿಯಲ್ಲಿ ಮರೆತಿರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡೆ.

ಮುಂದಿನ ರವಿವಾರ ನಮ್ಮ ಲೇಔಟಿನ ತಿಂಗಳ ಸಭೆ. ನೀರಿನ ಮಾತು, ಗಟಾರದ ಮಾತು ಮುಗಿದು ಚಹಾ ಬಂತು. ಯಾರೋ ಯಜಮಾನರನ್ನು "ಗಾಡಿ ಹೆಂಗೈತ್ರಿ" ಎಂದು ಕೇಳಿದರು. ಅವರು ಶುರು ಮಾಡಿದರು:

"ಗಾಡಿ ಭಾರಿ ಐತ್ರಿ. ಆದ್ರ ಆ ಬೀಚಿನ ಮಂದಿ ನೋಡ್ರಿ, ದೊಡ್ಡ ಕಳ್ಳರು. ಎಲ್ಲೆ ಉಸುಕು ಮೆತ್ತಗೈತಿ ಅನ್ನೂದು ಅವರಿಗೆ ಗೊತ್ತಿರತೈತಿ. ಒಂದ ಬೋರ್ಡ ಹಾಕಂಗಿಲ್ಲ. ಗಾಡಿ ಸಿಕ್ಕೊಬೇಕು, ಇವರು ಹಗ್ಗಾ ಹಿಡಕೊಂಡು ಬರಬೇಕು, ರೊಕ್ಕಾ ಕೀಳಬೇಕು. ಅದ ಅವರ ಧಂದೆ."

ಎಲ್ಲರೂ ನಕ್ಕರು. ಒಬ್ಬರು ತಮಗೂ ಅಂಥದೇ ಆಗಿತ್ತು ಎಂದರು. ನಾನು ಪಕ್ಕದ ಮನೆಯಾಕೆಯ ಮುಖ ನೋಡಿದೆ. ಅವಳು ಚಹಾದ ಕಪ್ಪಿನೊಳಗೆ ನೋಡುತ್ತಿದ್ದಳು. ನನ್ನ ಗಂಡ ಸುಮ್ಮನಿರು ಎನ್ನುವಂತೆ ನನ್ನ ಮೊಣಕೈ ಮುಟ್ಟಿದರು. ನಾನು ಎದ್ದು ನಿಂತೆ.

"ಅಣ್ಣಾರ, ಅವರು ರೊಕ್ಕಾ ತಗೊಂಡರೇನ್ರಿ?"

"ಅಲ್ರೀ ಅಕ್ಕಾರ, ನಾ ನಿಮಗ ಹೇಳಲಿಲ್ಲ..."

"ತಗೊಂಡರೇನ್ರಿ, ಇಲ್ಲೇನ್ರಿ? ಅಷ್ಟ ಹೇಳ್ರಿ."

ಅವರು ಪಕ್ಕದವರ ಕಡೆ ತಿರುಗಿದರು. ನಾನು ಎಲ್ಲರಿಗೂ ಹೇಳಿದೆ. ಇಳಿಯಬೇಡಿ ಎಂದು ನಾನು ಹೇಳಿದ್ದನ್ನು ಹೇಳಿದೆ, ಬಲೆ ಬಿಟ್ಟದ್ದನ್ನು ಹೇಳಿದೆ, ಬಲೆ ಹರಿದದ್ದನ್ನು ಹೇಳಿದೆ. ಹೇಳುತ್ತ ಹೇಳುತ್ತ ಇಷ್ಟು ವರ್ಷ ಒಳಗೆ ಕೂತಿದ್ದದ್ದೆಲ್ಲ ಹೊರಗೆ ಬಂತು. ನೀವು ಬೀಚು ಅನ್ನುವುದು ಒಂದು ಊರು. ಈ ಪೇಟೆಯ ಹತ್ತಿಯನ್ನು ನಮ್ಮೂರಿನ ಹೆಗಲು ಹಡಗಿಗೆ ಹತ್ತಿಸಿದೆ. ಆ ವ್ಯಾಪಾರದಿಂದ ಮಹಡಿ ಕಟ್ಟಿದವರ ಮೊಮ್ಮಕ್ಕಳು ಅಲ್ಲಿಗೆ ಹೋಗುತ್ತಾರೆ, ಬಾಟಲಿ ಒಡೆದು ಬರುತ್ತಾರೆ, ಬಳಚು ಆರಿಸುವ ಹೆಂಗಸರ ಕಾಲು ಕೊಯ್ಯುತ್ತದೆ. ಆಮೇಲೆ ಇಲ್ಲಿ ಕೂತು ಅವರನ್ನು ಕಳ್ಳರು ಅನ್ನುತ್ತೀರಿ. ನನ್ನ ದನಿ ಏರಿತ್ತು. ಏರಲಿ ಎಂದುಕೊಂಡೆ.

ಯಜಮಾನರು ನಕ್ಕಂತೆ ಮಾಡಿದರು. "ಚ್ಯಾಷ್ಟಿಗೆ ಅಂದಿದ್ದೆ ಬಿಡ್ರಿ ಅಕ್ಕಾರ. ನೀವು ಭಾಳ ಮನಸ್ಸಿಗೆ ಹಚ್ಕೊಂಡ್ರಿ."

ಅವರು ಹೇಳಿದ ಸುಳ್ಳಿಗಿಂತ ಈ ಚ್ಯಾಷ್ಟಿ ಎಂಬ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಸುಳ್ಳನ್ನು ಸುಳ್ಳು ಎಂದು ತೋರಿಸಬಹುದು. ಚೇಷ್ಟೆಯೆಂದು ಜಾರಿಕೊಂಡವನ ಮುಂದೆ ಸಿಟ್ಟಾದವಳೇ ತಪ್ಪಿತಸ್ಥಳಾಗುತ್ತಾಳೆ. ಸಭೆ ಬೇಗನೆ ಕರಗಿತು. ಹೋಗುವಾಗ ಹಿರಿಯರೊಬ್ಬರು "ನೆರಿಮನಿಯವರ ಕೂಡ ಹಿಂಗ ಮಾಡಬಾರದಮ್ಮಾ" ಎಂದು ನನಗೇ ಬುದ್ಧಿ ಹೇಳಿದರು.

ಮರುದಿನ ಸಂಜೆ ಪಕ್ಕದ ಮನೆಯಾಕೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಾ ಅಲ್ಲೇ ಹೇಳಬೇಕಿತ್ರಿ ಅಕ್ಕಾರ" ಎಂದಳು. "ನನ್ನ ಬಾಯಿ ಏಳಲಿಲ್ಲ. ಬಲಿ ಹರದಿದ್ದು ನಾನೂ ನೋಡೇನಿ."

"ನನ್ನ ಮುಂದ ಹೇಳಿದ್ರ ಏನೂ ಆಗಂಗಿಲ್ಲ. ನಾನೂ ನೋಡೇನಿ."

ಅವಳು ಹೊರಳಿ ಹೋದಳು. ನಾನು ಅಷ್ಟು ಒರಟಾಗಿ ಹೇಳಿದ್ದಕ್ಕೆ ಅಂದು ಬೇಸರವಾಗಲಿಲ್ಲ, ಇಂದೂ ಆಗಿಲ್ಲ. ಮುಂದಿನ ಸೋಮವಾರ ಹೆಂಗಸರ ಭಜನೆ ಅವರ ಮನೆಯಲ್ಲೇ ಇತ್ತು. ಮಂಗಳಾರತಿ ಆದ ಮೇಲೆ ಅವಳು ಪ್ರಸಾದದ ತಟ್ಟೆ ಹಿಡಿದುಕೊಂಡೇ, ಎಲ್ಲರ ಮುಂದೆ, ಒಳಗಿನ ಕೋಣೆಯಲ್ಲಿದ್ದ ಗಂಡನಿಗೂ ಕೇಳುವಂತೆ ಹೇಳಿದಳು: "ಅವತ್ತ ನಮ್ಮವರು ಹೇಳಿದ್ದು ಖರೇ ಅಲ್ರಿ. ಆ ಮಂದಿ ಒಂದ ರೂಪಾಯಿ ತಗೊಂಡಿಲ್ಲ. ನಮ್ಮ ಸಲುವಾಗಿ ತಮ್ಮ ಮೀನಾ ಬಿಟ್ಟರು, ಬಲಿ ಹರಕೊಂಡರು. ನಾ ಅಲ್ಲೇ ಇದ್ದೆ." ಹೇಳಿ ಮುಗಿಸಿ ಪ್ರಸಾದ ಹಂಚಿದಳು. ನನಗೆ ಪ್ರಸಾದ ಕೊಡುವಾಗ ಮುಖ ನೋಡಲಿಲ್ಲ.

ಆ ರಾತ್ರಿ ಅವರ ಮನೆಯಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಕೇಳಿಯೂ ಇಲ್ಲ. ಯಜಮಾನರು ಈಗ ಗೇಟಿನಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತಾರೆ, ನಳ ಬಂದಿದೆಯೇ ಎಂದು ಕೇಳುತ್ತಾರೆ. ನಾನು ಬಂದಿದೆ, ಇಲ್ಲ ಎಂದಷ್ಟೇ ಹೇಳುತ್ತೇನೆ. ಸಭೆಯಲ್ಲಿ ನಕ್ಕವರಲ್ಲಿ ಯಾರೂ ಆ ಮಾತನ್ನು ಮತ್ತೆ ತೆಗೆಯಲಿಲ್ಲ. ಭಜನೆಯಲ್ಲಿ ಹೆಂಗಸರು ಕೇಳಿದ್ದು ಅವರವರ ಮನೆಯ ಗಂಡಸರ ತನಕ ಹೋಗಿದೆಯೋ ಇಲ್ಲವೋ ತಿಳಿಯದು.

ಬಲೆಯ ಬಗ್ಗೆ ಕೇಳಲು ಚಿಕ್ಕಮ್ಮನಿಗೆ ಫೋನು ಮಾಡಿದ್ದೆ. ಗುಂಪಿನವರೆಲ್ಲ ಕೂತು ಹೆಣೆದು ಸರಿಮಾಡಿಕೊಂಡರಂತೆ. ಹೆಣೆದು ಮುಗಿಯುವ ತನಕ ಕಡಲಿಗಿಳಿದಿಲ್ಲವಂತೆ. ಹಿರಿಯ ದಾರಿಯಲ್ಲಿ ಸಿಕ್ಕಾಗೆಲ್ಲ ಚಿಕ್ಕಮ್ಮನನ್ನು ಒಂದೇ ಪ್ರಶ್ನೆ ಕೇಳುತ್ತಾನಂತೆ: "ಆ ಹುಬ್ಬಳ್ಳಿಯೋರ ಗಾಡಿ ಸರಿ ಆಯ್ತಾ? ಉಪ್ಪುನೀರು ಹೊಕ್ಕಿತ್ತಲ್ಲ ಪಾಪ."

"ಎಂತ ಹೇಳ್ಲಿ ಅವಂಗೆ?" ಎಂದು ಚಿಕ್ಕಮ್ಮ ಕೇಳಿದಳು. ಸರಿಯಾಗಿದೆ ಅಂತ ಹೇಳು ಎಂದೆ. ಫೋನು ಇಟ್ಟೆ. ನನ್ನ ಸಿಟ್ಟು ಅಂದು ಇಳಿಯಲಿಲ್ಲ. ಇಳಿಯಬೇಕೆಂದು ನನಗೂ ಅನ್ನಿಸಲಿಲ್ಲ.